ಹಾರಾಟ ಮುಗಿಸಿ ನಿಂತವುಗಳ ಅಂಗಳದಲ್ಲಿ

ಬೆಂಗಳೂರಿನ ವಿಮಾನ ಸಂಗ್ರಹಾಲಯದ ಬೆಳ್ಳಿಹಬ್ಬದ ನೆಪದಲ್ಲಿ

ನಮ್ಮ ಮನೆಗಳಲ್ಲಿ ಹಳೆಯ ವಸ್ತುವಿಗೆ ಸಾಮಾನ್ಯವಾಗಿ ಎರಡೇ ಗತಿ: ಒಂದು ಅಟ್ಟ, ಇನ್ನೊಂದು ಗುಜರಿ. ಅಜ್ಜಿಯ ಕಾಲದ ಬೀಸುವ ಕಲ್ಲು, ತಂದೆಯವರು ಹಿಡಿದು ಓಡಾಡಿದ ಲಾಟೀನು, ಕೀಲಿ ಕೊಡುವ ಗೋಡೆ ಗಡಿಯಾರ ಇವೆಲ್ಲ ಮೊದಲು ಅಟ್ಟವನ್ನೇರುತ್ತವೆ. ಅಟ್ಟ ತುಂಬಿದ ಮೇಲೆ ಗುಜರಿಯವನ ತಕ್ಕಡಿಗೆ ಇಳಿಯುತ್ತವೆ. ಅಪರೂಪಕ್ಕೆ ಒಂದು ವಸ್ತು ಮಾತ್ರ ಯಾರದೋ ಅಕ್ಕರೆಯಿಂದ ಪಡಸಾಲೆಯಲ್ಲಿಯೇ ಉಳಿದುಕೊಂಡು, ಮೊಮ್ಮಕ್ಕಳು “ಇದೇನು?” ಎಂದು ಕೇಳುವಂತೆ ಮಾಡುತ್ತದೆ. ಆ ಪ್ರಶ್ನೆಯೊಂದಿಗೆ ಮನೆತನದ ಕಥೆ ಮತ್ತೆ ಮೊದಲಾಗುತ್ತದೆ.

ನಾಡಿಗೂ ಇಂಥದೊಂದು ಪಡಸಾಲೆ ಬೇಕು. ಬೆಂಗಳೂರಿನ ಪೂರ್ವಭಾಗದಲ್ಲಿ, ಹಳೆಯ ವಿಮಾನ ನಿಲ್ದಾಣದ ರಸ್ತೆ ಹಿಡಿದು ಮಾರತ್‌ಹಳ್ಳಿಯ ಕಡೆಗೆ ಸಾಗಿದರೆ ಸಿಗುವ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯ, ಅಂದರೆ ನಮ್ಮ ಜನ ಬಾಯಿತುಂಬ ‘ಎಚ್.ಎ.ಎಲ್.’ ಎಂದು ಕರೆಯುವ ಕಾರ್ಖಾನೆಯ, ವಿಮಾನ ಸಂಗ್ರಹಾಲಯವು ಅಂಥ ಪಡಸಾಲೆಗಳಲ್ಲೊಂದು. 2001ರಲ್ಲಿ ಆರಂಭವಾದ ಈ ಸಂಗ್ರಹಾಲಯಕ್ಕೆ 2026ನೆಯ ಇಸವಿ ಬೆಳ್ಳಿಹಬ್ಬದ ವರ್ಷ. ಅದನ್ನು ಹಡೆದ ಕಾರ್ಖಾನೆಯಾದರೋ 1940ರ ಡಿಸೆಂಬರ್ 23ರಂದು ಸ್ಥಾಪನೆಗೊಂಡು, 2025ರ ಡಿಸೆಂಬರಿಗೆ 85 ವರ್ಷಗಳನ್ನು ಕಂಡಿದೆ. ತಾಯಿಯ ಹಬ್ಬ, ಮಗಳ ಹಬ್ಬ ಒಂದರ ಬೆನ್ನಿಗೊಂದು ಕೂಡಿಬಂದಿರುವ ಈ ಸಂದರ್ಭದಲ್ಲಿ ಆ ಅಂಗಳವನ್ನು ಒಮ್ಮೆ ಕಣ್ಣಾರೆ ಕಂಡು ಬರೋಣವೆಂದು ನಾವು ಮನೆಮಂದಿಯೊಡನೆ ಹೊರಟೆವು.

ನಮ್ಮೊಡನೆ ಎಂಬತ್ತು ದಾಟಿದ ನಮ್ಮ ದೊಡ್ಡಪ್ಪನವರೂ ಒಂಬತ್ತು ವರ್ಷದ ನಮ್ಮ ಮಗಳೂ ಇದ್ದರು. ದೊಡ್ಡಪ್ಪನವರು ಹಾನಗಲ್ಲ ಕಡೆಯ ಒಕ್ಕಲು ಮನೆತನದವರು. ತಾಂತ್ರಿಕ ತರಬೇತಿ ಮುಗಿಸಿ 1960ರ ದಶಕದ ಆರಂಭದಲ್ಲಿ ಬೆಂಗಳೂರಿಗೆ ಬಂದು, ಈ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ಸೇರಿ, ಅಲ್ಲಿಂದಲೇ ನಿವೃತ್ತರಾದವರು. ಅವರು ಊರಿಗೆ ಮರಳಿದ ಮರುವರ್ಷ ಸಂಗ್ರಹಾಲಯ ತೆರೆಯಿತು. ಹೀಗಾಗಿ ತಾವು ಬದುಕು ಸವೆಸಿದ ಜಾಗದ ಪಕ್ಕದಲ್ಲಿಯೇ ಇರುವ ಇದನ್ನು ಅವರು ಇದುವರೆಗೆ ನೋಡಿರಲಿಲ್ಲ.

ಮೂಗಲ್ಲ, ಹೊಟ್ಟೆ

ಸುಮಾರು 4 ಎಕರೆಗಳ ಹಸಿರು ಅಂಗಳ. ಮರಗಳ ನೆರಳು, ಹುಲ್ಲುಹಾಸು, ಅವುಗಳ ನಡುವೆ ಹಾರಾಟ ಮುಗಿಸಿ ನಿಂತ ವಿಮಾನಗಳು. ತರಬೇತಿಯ ಎಚ್.ಟಿ.-2, ಜೆಟ್ ತರಬೇತಿಯ ಕಿರಣ್, ಯುದ್ಧವಿಮಾನಗಳಾದ ಮಾರುತ್, ಅಜೀತ್, ಮಿಗ್-21, ಬಾಂಬರ್ ಆದ ಕ್ಯಾನ್‌ಬೆರಾ ಹೀಗೆ ಒಂದೊಂದೂ ಒಂದೊಂದು ಕಾಲದ ಪ್ರತಿನಿಧಿ. ಒಳಗೆ ಎರಡು ಸಭಾಂಗಣಗಳಿವೆ. ಒಂದರಲ್ಲಿ 1940ರಿಂದ ದಶಕ ದಶಕವಾಗಿ ಜೋಡಿಸಿದ ಛಾಯಾಚಿತ್ರಗಳು; ಇನ್ನೊಂದರಲ್ಲಿ ಹಲಸಿನ ಹಣ್ಣನ್ನು ಸೀಳಿಟ್ಟಂತೆ ಒಳಗಿನದೆಲ್ಲ ಕಾಣುವ ಹಾಗೆ ಕೊಯ್ದು ತೋರಿಸಿರುವ ಎಂಜಿನ್‌ಗಳು.

ನೋಡಲು ಬಂದ ಮಕ್ಕಳೆಲ್ಲ ವಿಮಾನದ ಮೂಗಿನ ಮುಂದೆ ನಿಂತು ಚಿತ್ರ ತೆಗೆಸಿಕೊಳ್ಳುತ್ತಿದ್ದರು. ನಮ್ಮ ದೊಡ್ಡಪ್ಪನವರು ಮಾತ್ರ ಮಾರುತ್ ವಿಮಾನದ ಬಳಿ ಹೋದವರೇ ಮೂಗಿನ ಕಡೆ ನೋಡದೆ, ಸೊಂಟ ಹಿಡಿದುಕೊಂಡು ಬಗ್ಗಿ, ಅದರ ಹೊಟ್ಟೆಯನ್ನು ನೋಡತೊಡಗಿದರು. ಅಲ್ಯೂಮಿನಿಯಂ ಹಾಳೆಗಳನ್ನು ಒಂದಕ್ಕೊಂದು ಬೆಸೆದ ರಿವೆಟ್‌ಗಳ ಸಾಲು ಅಲ್ಲಿ ಎಣಿಸಲಾರದಷ್ಟಿದೆ. “ಇದನ್ನ ಒಬ್ಬನ ಕೈಲೆ ಹೊಡಿಯಾಕ ಆಗೂದಿಲ್ಲ ನೋಡು” ಎಂದು ಅವರು ನಮ್ಮ ಮಗಳನ್ನು ಹತ್ತಿರ ಕರೆದರು. “ಹೊರಗ ಒಬ್ಬಾಂವ ಗನ್ ಹಿಡೀತಾನ. ಒಳಗ ಒಬ್ಬಾಂವ ಡಾಲಿ ಒತ್ತಿ ಹಿಡೀತಾನ. ಒಬ್ಬರ ಮಾರಿ ಒಬ್ಬರಿಗೆ ಕಾಣೂದಿಲ್ಲ. ಬರೇ ಸಪ್ಪಳದಿಂದ ತಿಳ್ಕೋಬೇಕು.”

ಡಾಲಿ ಎಂದರೆ ಅಂಗೈಯಲ್ಲಿ ಹಿಡಿಯುವ ಉಕ್ಕಿನ ಗಟ್ಟಿ ತುಂಡು. ಹೊರಗಿನಿಂದ ಗನ್ನಿನ ಹೊಡೆತ ಬೀಳುವಾಗ ರಿವೆಟ್ಟಿನ ಬಾಲವನ್ನು ಒಳಗಿನಿಂದ ಅದು ತಡೆದು ಚಪ್ಪಟೆ ಮಾಡುತ್ತದೆ. ಒಂದು ಕ್ಷಣ ಮುಂಚೆ ಹಿಡಿತ ಸಡಿಲಿಸಿದರೆ ರಿವೆಟ್ಟು ಸೊಟ್ಟಗಾಗುತ್ತದೆ; ಒಂದು ಕ್ಷಣ ಹೆಚ್ಚಾದರೆ ಹಾಳೆ ತಗ್ಗಾಗುತ್ತದೆ. ಕೆಟ್ಟದ್ದನ್ನು ಕೊರೆದು ತೆಗೆದು ಮತ್ತೆ ಹೊಡೆಯಬೇಕು. ಇಷ್ಟೆಲ್ಲ ವಿವರವನ್ನು ದೊಡ್ಡಪ್ಪನವರು ಮನೆಯಲ್ಲಿ ಎಂದೂ ಹೇಳಿದವರಲ್ಲ. ಅವರು ‘ವಿಮಾನದ ಫ್ಯಾಕ್ಟರಿಯಲ್ಲಿ’ ಇದ್ದರೆಂಬುದಷ್ಟೇ ನಮಗೆ ತಿಳಿದಿತ್ತು. ವಸ್ತುವೊಂದು ಕಣ್ಣೆದುರು ನಿಂತಾಗ ಮಾತ್ರ ಬಾಯಿಗೆ ಬರುವ ನೆನಪುಗಳು ಕೆಲವಿರುತ್ತವೆ ಎಂಬುದನ್ನು ಅಂದು ನಾವು ಕಂಡುಕೊಂಡೆವು. ಸಂಗ್ರಹಾಲಯಗಳ ನಿಜವಾದ ಉಪಯೋಗವೂ ಇದೇ ಇರಬೇಕು.

ರಿಪೇರಿಯಿಂದ ಆರಂಭ

ಈ ಅಂಗಳದ ಕಥೆ ಯುದ್ಧಕಾಲದಲ್ಲಿ ಮೊದಲಾಯಿತು. ಎರಡನೆಯ ಮಹಾಯುದ್ಧ ನಡೆಯುತ್ತಿದ್ದಾಗ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರು ಭಾರತದಲ್ಲಿಯೇ ವಿಮಾನ ಕಾರ್ಖಾನೆಯನ್ನು ಕಟ್ಟಬೇಕೆಂಬ ಹಂಬಲ ಹೊತ್ತರು. ಮೈಸೂರು ಸಂಸ್ಥಾನ ಅವರಿಗೆ ನೆಲವನ್ನೂ ಹಣವನ್ನೂ ನೀಡಿತು. ಆಗ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. ‘ಹಿಂದೂಸ್ತಾನ್ ಏರ್‌ಕ್ರಾಫ್ಟ್ ಲಿಮಿಟೆಡ್’ ಎಂಬ ಹೆಸರಿನ ಆ ಸಂಸ್ಥೆಯಲ್ಲಿ ಸಂಸ್ಥಾನ ತೊಡಗಿಸಿದ ಮೊತ್ತ 25 ಲಕ್ಷ ರೂಪಾಯಿ. ಮರುವರ್ಷವೇ, 1941ರಲ್ಲಿ, ಅಮೆರಿಕದಿಂದ ಬಂದ ಬಿಡಿಭಾಗಗಳನ್ನು ಜೋಡಿಸಿ ಸಿದ್ಧಪಡಿಸಿದ ಹಾರ್ಲೋ ಎಂಬ ತರಬೇತಿ ವಿಮಾನ ಬೆಂಗಳೂರಿನ ಆಕಾಶಕ್ಕೇರಿತು. 1942ರಲ್ಲಿ ಆಡಳಿತ ಭಾರತ ಸರ್ಕಾರದ ಕೈಗೆ ಬಂತು. 1943ರಲ್ಲಿ ಅಮೆರಿಕದ ಸೇನೆ ಇದನ್ನು ತನ್ನ ವಿಮಾನಗಳ ದುರಸ್ತಿಗಾಗಿ ಬಳಸಿಕೊಂಡಿತು. ಹೀಗೆ ಕಾರ್ಖಾನೆಯ ಬಾಲ್ಯವೆಲ್ಲ ಬೇರೆಯವರ ವಿಮಾನಗಳನ್ನು ಬಿಚ್ಚುವುದರಲ್ಲಿ, ತೊಳೆಯುವುದರಲ್ಲಿ, ಮತ್ತೆ ಜೋಡಿಸುವುದರಲ್ಲಿ ಕಳೆಯಿತು.

ಬಿಚ್ಚಿ ಜೋಡಿಸುವ ಕೆಲಸವನ್ನು ಹಗುರವಾಗಿ ಕಾಣಬಾರದು. ಬಡಗಿಯ ಮಗ ಮೊದಲು ಕಲಿಯುವುದು ಹಳೆಯ ನೇಗಿಲನ್ನು ಸರಿಪಡಿಸುವುದನ್ನೇ. ಯುದ್ಧ ಮುಗಿದ ಮೇಲೆ ಕಾನ್ಪುರದ ವಿಮಾನನೆಲೆಯಲ್ಲಿ ಲಿಬರೇಟರ್ ಎಂಬ ನಾಲ್ಕು ಎಂಜಿನ್ನಿನ ಭಾರಿ ಬಾಂಬರುಗಳು ರಾಶಿರಾಶಿಯಾಗಿ ಬಿದ್ದಿದ್ದವು. ಅವು ಮತ್ತೆ ಹಾರಬಾರದೆಂದು ಬುದ್ಧಿಪೂರ್ವಕವಾಗಿಯೇ ಕೆಡಿಸಿ ಬಿಟ್ಟುಹೋಗಲಾಗಿತ್ತು. ಸ್ವತಂತ್ರ ಭಾರತದ ವಾಯುಪಡೆಗೆ ಬಾಂಬರುಗಳು ಬೇಕಾಗಿದ್ದವು, ಕೊಳ್ಳಲು ಹಣವಿರಲಿಲ್ಲ. ಆಗ ಬೆಂಗಳೂರಿನ ಕೆಲಸಗಾರರು ಒಂದರ ಭಾಗವನ್ನು ಇನ್ನೊಂದಕ್ಕೆ ತೊಡಿಸಿ, ಹಾರಬಲ್ಲಷ್ಟು ಮಾತ್ರ ಅವನ್ನು ಅಲ್ಲಿಯೇ ಸರಿಪಡಿಸಿದರು. ಕಾರ್ಖಾನೆಯ ಪರೀಕ್ಷಾ ಚಾಲಕರಾಗಿದ್ದ ಜಮ್‌ಶೆಡ್ ಮುನ್ಷಿಯವರು ಅವನ್ನು ಒಂದೊಂದಾಗಿ ಬೆಂಗಳೂರಿಗೆ ಹಾರಿಸಿಕೊಂಡು ಬಂದರು. ಇಲ್ಲಿ ಪೂರ್ಣ ದುರಸ್ತಿಯಾದ ನಲವತ್ತಕ್ಕೂ ಹೆಚ್ಚು ಲಿಬರೇಟರುಗಳು 1948ರಿಂದ ವಾಯುಪಡೆಯನ್ನು ಸೇರಿದವು, 1968ರವರೆಗೂ ದುಡಿದವು.

ಇದರಲ್ಲೊಂದು ಸ್ವಾರಸ್ಯವಿದೆ. ಆ ಬಾಂಬರುಗಳು ಪ್ರಪಂಚದ ಬೇರೆಡೆಗಳಲ್ಲಿ ಗುಜರಿಗೆ ಹೋಗಿ ಮುಗಿದಿದ್ದವು. ಹೊರದೇಶದ ಸಂಗ್ರಹಾಲಯಗಳವರು ತಮ್ಮ ಅಂಗಳಕ್ಕೆ ಒಂದಾದರೂ ಬೇಕೆಂದು ಹುಡುಕಿದಾಗ ಅವು ದೊರೆತದ್ದು ಭಾರತದಲ್ಲಿ. ಬ್ರಿಟನ್ನಿನ ರಾಯಲ್ ಏರ್ ಫೋರ್ಸ್ ಸಂಗ್ರಹಾಲಯದಲ್ಲಿ, ಅಮೆರಿಕದ ಅರಿಜೋನಾದ ಪೀಮಾ ಸಂಗ್ರಹಾಲಯದಲ್ಲಿ, ಕೆನಡಾದ ಆಟವಾದಲ್ಲಿ ಇಂದು ಜನ ಬೆರಗಿನಿಂದ ನೋಡುವ ಲಿಬರೇಟರುಗಳು ಭಾರತೀಯ ವಾಯುಪಡೆಯಲ್ಲಿ ಸೇವೆ ಮುಗಿಸಿ ಹೋದಂಥವು. ದೆಹಲಿಯ ಪಾಲಂ ವಾಯುಪಡೆ ಸಂಗ್ರಹಾಲಯದಲ್ಲಿಯೂ ಒಂದಿದೆ. ನಮ್ಮವರು ಬಡತನದಿಂದ ಉಳಿಸಿಕೊಂಡದ್ದನ್ನು ಸಿರಿವಂತ ನಾಡುಗಳು ಹೆಮ್ಮೆಯಿಂದ ಕಾಪಾಡಿಕೊಳ್ಳುತ್ತಿವೆ.

ಸ್ವಂತ ರೆಕ್ಕೆ

ದುರಸ್ತಿಯಲ್ಲಿ ಪಳಗಿದ ಕೈಗಳು ಬಳಿಕ ಸ್ವಂತ ರಚನೆಗೆ ತೊಡಗಿದವು. ಅಂಗಳದಲ್ಲಿರುವ ಪುಟ್ಟ ಎಚ್.ಟಿ.-2 ಅದಕ್ಕೆ ಸಾಕ್ಷಿ. ಮುಂದುಗಡೆ ಪ್ರೊಪೆಲ್ಲರ್, ಒಂದರ ಹಿಂದೊಂದು ಎರಡು ಆಸನ, ಒಂದರಲ್ಲಿ ಗುರು, ಇನ್ನೊಂದರಲ್ಲಿ ಶಿಷ್ಯ. ಇದರ ಶಿಲ್ಪಿ ಡಾ. ವಿ. ಎಂ. ಘಾಟಗೆ ಅವರು. ಜರ್ಮನಿಯ ಗಟಿಂಗೆನ್ನಿನಲ್ಲಿ ಪ್ರಸಿದ್ಧ ವಿಜ್ಞಾನಿ ಪ್ರಾಂಟ್ಲ್ ಅವರಲ್ಲಿ ಅಧ್ಯಯನ ಮಾಡಿದ್ದ ಘಾಟಗೆಯವರು ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ವಿಮಾನಶಾಸ್ತ್ರವನ್ನು ಬೋಧಿಸಿದವರು. ಕಾರ್ಖಾನೆಯಲ್ಲಿ ವಿನ್ಯಾಸ ವಿಭಾಗವನ್ನು ಬೆಳೆಸಿದವರು. 1951ರ ಆಗಸ್ಟಿನಲ್ಲಿ ಎಚ್.ಟಿ.-2 ಮೊದಲ ಬಾರಿ ಹಾರಿತು. ಭಾರತದಲ್ಲಿಯೇ ರೂಪುಗೊಂಡು ಸಾಲಾಗಿ ತಯಾರಾದ ಮೊದಲ ವಿಮಾನವೆಂಬ ಗೌರವ ಇದರದು. ವಾಯುಪಡೆಯ ಅನೇಕ ಚಾಲಕರು ಆಕಾಶದಲ್ಲಿ ಅಂಬೆಗಾಲಿಟ್ಟದ್ದು ಇದರಲ್ಲಿಯೇ.

ಆ ಕಾಲದಲ್ಲಿ ಕಾರ್ಖಾನೆ ವಿಮಾನಗಳನ್ನಷ್ಟೇ ಮಾಡಲಿಲ್ಲ. ಲೋಹದ ಹಾಳೆಯನ್ನು ಬಾಗಿಸುವ ವಿದ್ಯೆ ಕೈಗೆ ಹತ್ತಿದ್ದರಿಂದ ರೈಲುಗಾಡಿಯ ಡಬ್ಬಿಗಳನ್ನೂ ತಯಾರಿಸಿತು. ಆ ವಿಭಾಗವೇ ಮುಂದೆ 1964ರಲ್ಲಿ ಹುಟ್ಟಿದ ಬಿ.ಇ.ಎಂ.ಎಲ್. ಸಂಸ್ಥೆಗೆ ಬುನಾದಿಯಾಯಿತು. ಅದೇ ವರ್ಷದ ಅಕ್ಟೋಬರ್ 1ರಂದು ಕಾರ್ಖಾನೆ ಇನ್ನೊಂದು ಸಂಸ್ಥೆಯೊಡನೆ ವಿಲೀನಗೊಂಡು ಇಂದಿನ ಹೆಸರನ್ನು ಪಡೆಯಿತು. ಮದರಾಸಿನಲ್ಲಿ ತಾಂತ್ರಿಕ ಶಿಕ್ಷಣ ಪಡೆದ ಡಾ. ಎ.ಪಿ.ಜೆ. ಅಬ್ದುಲ್ ಕಲಾಂ ಅವರು ತರಬೇತಿಗೆ ಬಂದು ಎಂಜಿನ್‌ಗಳನ್ನು ಬಿಚ್ಚಿ ಜೋಡಿಸುವುದನ್ನು ಕಲಿತದ್ದೂ ಈ ಕಾರ್ಖಾನೆಯಲ್ಲಿಯೇ ಎಂಬುದನ್ನು ನಮ್ಮ ಮಕ್ಕಳಿಗೆ ಹೇಳಬೇಕು. ರಾಷ್ಟ್ರಪತಿ ಭವನಕ್ಕೆ ಹೋಗುವ ದಾರಿ ಎಣ್ಣೆ ಮೆತ್ತಿದ ಕೈಗಳಿಂದಲೂ ಮೊದಲಾಗಬಹುದು.

ಮಾರುತನ ಕಥೆ

ಅಂಗಳದ ವಿಮಾನಗಳಲ್ಲೆಲ್ಲ ನೋಡಲು ಚೆಲುವಾದದ್ದು ಎಚ್.ಎಫ್.-24 ಮಾರುತ್. ನೀಳವಾದ ಮೈ, ಹಿಂದಕ್ಕೆ ಬಾಗಿದ ರೆಕ್ಕೆ. ಇದರ ವಿನ್ಯಾಸಕ್ಕೆಂದು ಜರ್ಮನಿಯ ಹೆಸರಾಂತ ಶಿಲ್ಪಿ ಕುರ್ಟ್ ಟ್ಯಾಂಕ್ ಅವರು 1956ರಲ್ಲಿ ಬೆಂಗಳೂರಿಗೆ ಬಂದರು. ಆಗ ಇಲ್ಲಿ ಪರೀಕ್ಷೆಗೆ ಬೇಕಾದ ಸಲಕರಣೆಗಳು ತೀರ ಕಡಿಮೆ. ಆದುದರಿಂದ ಅದೇ ಅಳತೆಯ ಒಂದು ಮರದ ಗ್ಲೈಡರ್ ಮಾಡಿ, ಡಕೋಟಾ ವಿಮಾನಕ್ಕೆ ಹಗ್ಗದಿಂದ ಕಟ್ಟಿ ಮೇಲಕ್ಕೊಯ್ದು, 1959ರಲ್ಲಿ ಹಾರಿಸಿ ನೋಡಿದರು. 1961ರ ಜೂನಿನಲ್ಲಿ ನಿಜವಾದ ಮಾರುತ್ ಆಕಾಶಕ್ಕೇರಿತು. ಅದನ್ನು ಹಾರಿಸಿದವರು ಸುರಂಜನ್ ದಾಸ್. ಒಟ್ಟು 147 ಮಾರುತ್ ವಿಮಾನಗಳು ಬೆಂಗಳೂರಿನಲ್ಲಿ ತಯಾರಾದವು.

ಶಬ್ದದ ಎರಡರಷ್ಟು ವೇಗದಲ್ಲಿ ಹಾರಬೇಕೆಂಬುದು ಮಾರುತ್‌ನ ಮೂಲ ಕನಸು. ಅದು ನನಸಾಗಲಿಲ್ಲ. ಇದಕ್ಕೆಂದು ಯೋಚಿಸಿದ್ದ ಶಕ್ತಿಶಾಲಿ ಎಂಜಿನ್ನಿನ ಬೆಳವಣಿಗೆ ಬ್ರಿಟನ್ನಿನಲ್ಲಿ ನಡುವೆಯೇ ನಿಂತುಹೋಯಿತು. ಈಜಿಪ್ಟಿನೊಡನೆ ಕೂಡಿ ಮತ್ತೊಂದು ಎಂಜಿನ್ ಹೊಂದಿಸುವ ಪ್ರಯತ್ನವೂ ಫಲಿಸಲಿಲ್ಲ. ಕೊನೆಗೆ, ಪುಟ್ಟ ನ್ಯಾಟ್ ವಿಮಾನಕ್ಕೆಂದು ತಯಾರಾಗುತ್ತಿದ್ದ ಆರ್ಫಿಯಸ್ ಎಂಜಿನ್‌ಗಳನ್ನೇ ಎರಡೆರಡು ಜೋಡಿಸಿ ಹಾರಿಸಬೇಕಾಯಿತು. ಮೈ ಕುದುರೆಯದು, ಉಸಿರು ಕರುವಿನದು ಎಂಬಂತಾಯಿತು. ಆದರೂ 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ಮಾರುತ್ ತನ್ನ ಪಾಲಿನ ಕೆಲಸವನ್ನು ನಿಷ್ಠೆಯಿಂದ ಮಾಡಿತು. ಗುಂಡು ತಗುಲಿ ಒಂದು ಎಂಜಿನ್ ಕೆಟ್ಟರೂ ಇನ್ನೊಂದರ ಬಲದಿಂದ ನೆಲೆಗೆ ಮರಳಿದ ಮಾರುತ್‌ಗಳೂ ಇದ್ದವು. 1990ರ ಹೊತ್ತಿಗೆ ಅವೆಲ್ಲ ಸೇವೆಯಿಂದ ನಿವೃತ್ತಿ ಹೊಂದಿದವು.

ಎಂಜಿನ್‌ಗಳ ಸಭಾಂಗಣದಲ್ಲಿ ನಿಂತರೆ ಈ ಕೊರತೆಯ ಕಾರಣ ಅರ್ಥವಾಗುತ್ತದೆ. ಜೆಟ್ ಎಂಜಿನ್ನಿನ ತತ್ವ ಸರಳವಾದದ್ದು. ಮುಂದಿನ ಬಾಯಿಂದ ಗಾಳಿಯನ್ನೆಳೆದು, ಚಕ್ರಗಳ ಸಾಲಿನಿಂದ ಅದನ್ನು ಅದುಮಿ, ಇಂಧನ ಬೆರೆಸಿ ಉರಿಸಿ, ಬಿಸಿಯಾಗಿ ಹಿಗ್ಗಿದ ಆ ಗಾಳಿಯನ್ನು ಹಿಂದಿನಿಂದ ರಭಸವಾಗಿ ಬಿಡುವುದು. ಹೋಗುವ ಗಾಳಿ ತನ್ನ ದಾರಿಯಲ್ಲಿಯೇ ಒಂದು ಚಕ್ರವನ್ನು ತಿರುಗಿಸಿ, ಮುಂದಿನ ಚಕ್ರಗಳಿಗೆ ಬಲ ಕೊಡುವುದು. ಕಮ್ಮಾರನ ತಿದಿಯೂ ಕುಲುಮೆಯೂ ಒಂದೇ ಕೊಳವೆಯಲ್ಲಿ ಸೇರಿದ ಹಾಗೆ. ಆದರೆ ಉರಿಯ ನಡುವೆ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಆ ಚಕ್ರದ ಅಲಗುಗಳು ಕರಗಬಾರದು, ಸೀಳಬಾರದು, ಕೂದಲೆಳೆಯಷ್ಟೂ ಹಿಗ್ಗಬಾರದು. ಅಂಥ ಲೋಹವನ್ನು ಎರಕ ಹೊಯ್ಯುವ ವಿದ್ಯೆಯನ್ನು ಬಲ್ಲ ದೇಶಗಳು ಬೆರಳೆಣಿಕೆಯಷ್ಟು. ಬಲ್ಲವರು ಅದನ್ನು ಸುಲಭವಾಗಿ ಹೇಳಿಕೊಡುವುದಿಲ್ಲ.

ಸಂಗ್ರಹಾಲಯ ಆರಂಭವಾದ 2001ರಲ್ಲಿಯೇ, ಜನವರಿ 4ರಂದು, ಇದೇ ವಿಮಾನ ನಿಲ್ದಾಣದಿಂದ ನಮ್ಮ ಲಘು ಯುದ್ಧವಿಮಾನ ಮೊದಲ ಹಾರಾಟ ನಡೆಸಿತು. ಅದೇ ಮುಂದೆ ‘ತೇಜಸ್’ ಎಂಬ ಹೆಸರು ಪಡೆಯಿತು. ಮಾರುತ್ ಹಾರಿದ ನಲವತ್ತು ವರ್ಷಗಳ ತರುವಾಯ! ಅದಕ್ಕೆಂದು ನಮ್ಮವರು ರೂಪಿಸತೊಡಗಿದ ‘ಕಾವೇರಿ’ ಎಂಜಿನ್ ನಿರೀಕ್ಷಿತ ಬಲವನ್ನು ತಲುಪದೆ, ತೇಜಸ್ ಇಂದಿಗೂ ಅಮೆರಿಕದ ಎಂಜಿನ್ನಿನಿಂದಲೇ ಹಾರುತ್ತಿದೆ. ಮಾರುತ್ ಕಲಿಸಿದ ಪಾಠ ಇನ್ನೂ ಮುಗಿದಿಲ್ಲವೆಂದೇ ಇದರ ಅರ್ಥ. ಸಂಗ್ರಹಾಲಯ ಗೆಲುವುಗಳನ್ನು ಮೆರೆಸುವ ಸ್ಥಳ ಮಾತ್ರವಲ್ಲ; ಅರ್ಧಕ್ಕೆ ನಿಂತ ಕೆಲಸವನ್ನು ಮುಂದಿನವರಿಗೆ ನೆನಪಿಸುವ ಸ್ಥಳವೂ ಹೌದು.

ಒಂದು ರಸ್ತೆಯ ಹೆಸರು

ಬೆಂಗಳೂರಿನ ಹಳೆ ಮದರಾಸು ರಸ್ತೆಯ ಬಳಿ ಸುರಂಜನ್ ದಾಸ್ ರಸ್ತೆ ಎಂಬುದೊಂದಿದೆ. ದಿನವೂ ಸಾವಿರಾರು ಜನ ಅಲ್ಲಿ ಓಡಾಡುತ್ತಾರೆ. ಆ ಹೆಸರು ಯಾರದೆಂದು ಕೇಳಿದರೆ ಹೆಚ್ಚಿನವರು ತಲೆ ಕೆರೆದುಕೊಂಡಾರು. ಮಾರುತ್ತನ್ನೂ ಬಳಿಕ 1964ರಲ್ಲಿ ಕಿರಣ್ ವಿಮಾನವನ್ನೂ ಮೊದಲ ಬಾರಿಗೆ ಹಾರಿಸಿದ ಪರೀಕ್ಷಾ ಚಾಲಕರು ಅವರೇ. 1970ರ ಜನವರಿ 10ರಂದು, ಮಾರುತ್ತಿಗೆ ಹೆಚ್ಚಿನ ಬಲ ತುಂಬುವ ಪ್ರಯತ್ನದ ಹಾರಾಟವೊಂದರಲ್ಲಿ ಅವರು ಪ್ರಾಣ ತೆತ್ತರು.

ಈ ಹೆಸರನ್ನು ನಾವು ಎತ್ತಿದಾಗ ದೊಡ್ಡಪ್ಪನವರು ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಬಳಿಕ, “ಅವತ್ತ ಮನಿಗೆ ಬಂದು ಉಣ್ಣಲಿಲ್ಲ ನಾನು” ಎಂದಷ್ಟೇ ನುಡಿದರು. “ನಾ ಹೊಡದ ರಿವೆಟ್ಟೇನಾರ ಇತ್ತೇನೊ ಅದರಾಗ ಅಂತ ಅನಸ್ತು. ಇರಲಿಕ್ಕಿಲ್ಲ. ಆದರೂ ಅನಸ್ತು.”

ಐವತ್ತೈದು ವರ್ಷಗಳ ಹಿಂದಿನ ಒಂದು ರಾತ್ರಿಯ ಹಸಿವನ್ನು ಈ ಮನುಷ್ಯ ಯಾರಿಗೂ ಹೇಳದೆ ಇಟ್ಟುಕೊಂಡಿದ್ದರು. ಯಾವ ಫಲಕದಲ್ಲಿಯೂ ಬರೆಯಲಾಗದ ಮಾತು ಇದು. ತಾನು ಮಾಡಿದ ಕೆಲಸದ ಮೇಲೆ ಬೇರೊಬ್ಬನ ಪ್ರಾಣ ನಿಂತಿದೆ ಎಂಬ ಅರಿವಿನಿಂದ ದುಡಿಯುವುದನ್ನು ನಾವು ಕಾಯಕವೆನ್ನದೆ ಬೇರೇನೆನ್ನಬೇಕು?

ಮಗುವಿನ ಪ್ರಶ್ನೆ

ಮಿಗ್-21ರ ಮುಂದೆ ನಿಂತಾಗ ನಮ್ಮ ಮಗಳು ಅಜ್ಜನನ್ನು ಕೇಳಿದಳು: “ಅಜ್ಜ, ಇದ್ರಿಂದ ಜನ ಸತ್ತಿದ್ದಾರಾ?”

ದೊಡ್ಡವರು ಇಂಥ ಪ್ರಶ್ನೆಗೆ ಮಾತು ಮರೆಸುವುದೇ ವಾಡಿಕೆ. ನಾವೂ ಹಾಗೆಯೇ ಮಾಡುತ್ತಿದ್ದೆವೇನೋ. ದೊಡ್ಡಪ್ಪನವರು ಹಾಗೆ ಮಾಡಲಿಲ್ಲ. “ಸತ್ತಾರವ್ವಾ. ಆ ಕಡಿಯವರೂ ಸತ್ತಾರ, ಇದನ್ನ ಹಾರಸೂ ಹುಡುಗರೂ ಸತ್ತಾರ. ಇದು ಆಟಿಗಿ ಸಾಮಾನ ಅಲ್ಲ” ಎಂದರು.

ಅವರು ಹೇಳಿದ್ದು ನಿಜ. 1963ರಲ್ಲಿ ವಾಯುಪಡೆಯನ್ನು ಸೇರಿದ ಮಿಗ್-21, 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ವಿದಾಯ ಪಡೆಯಿತು. ಅರವತ್ತೆರಡು ವರ್ಷಗಳ ಸೇವೆ! ನಮ್ಮಲ್ಲಿ ಸೇವೆ ಸಲ್ಲಿಸಿದ ಎಂಟುನೂರಕ್ಕೂ ಹೆಚ್ಚು ಮಿಗ್-21ಗಳಲ್ಲಿ ಬಹುಪಾಲು ಎಚ್.ಎ.ಎಲ್.ನ ನಾಸಿಕದ ಘಟಕದಲ್ಲಿಯೇ ತಯಾರಾದವು. ಅವು ಗಡಿ ಕಾದವು. ಅಪಘಾತಗಳಲ್ಲಿ ಅನೇಕ ತರುಣರನ್ನು ಬಲಿ ತೆಗೆದುಕೊಂಡವು. ಎರಡೂ ಒಂದೇ ವಿಮಾನದ ಚರಿತ್ರೆ. ಅದೇ ಅಂಗಳದಲ್ಲಿರುವ ಅಜೀತ್ ವಿಮಾನ, ನ್ಯಾಟ್‌ನ ಸುಧಾರಿತ ರೂಪ. 1971ರ ಡಿಸೆಂಬರ್ 14ರಂದು ಶ್ರೀನಗರದ ಮೇಲೆ ದಾಳಿ ನಡೆದಾಗ ನ್ಯಾಟ್ ಹತ್ತಿ ಒಬ್ಬಂಟಿಯಾಗಿ ಹೋರಾಡಿ ಮಡಿದ ನಿರ್ಮಲ್‌ಜಿತ್ ಸಿಂಗ್ ಸೆಖೋನ್ ಅವರಿಗೆ ಪರಮವೀರ ಚಕ್ರ ಸಂದಿತು. ವಾಯುಪಡೆಯಲ್ಲಿ ಆ ಪದಕ ಪಡೆದವರು ಅವರೊಬ್ಬರೇ.

ಯುದ್ಧವನ್ನು ಬೇಡುವವರು ನಾವಲ್ಲ. ಆದರೆ ಈ ವಿಮಾನಗಳನ್ನು ಕೇವಲ ಹೊಳೆಯುವ ಬೊಂಬೆಗಳಂತೆ ಮಕ್ಕಳಿಗೆ ತೋರಿಸುವುದೂ ಸರಿಯಲ್ಲ. ಪಾಪದ ವಸ್ತುಗಳೆಂದು ಮುಖ ತಿರುಗಿಸುವುದೂ ಸರಿಯಲ್ಲ. ಇವುಗಳ ಬೆಲೆ ಎಷ್ಟೆಂದು ತಿಳಿದ ಮಗು ಮುಂದೆ ಯುದ್ಧದ ಮಾತನ್ನು ಹಗುರವಾಗಿ ಆಡಲಾರದು.

ಹಾರಿಸಬೇಕೇ, ನಿಲ್ಲಿಸಬೇಕೇ?

ವಾರ್ಷಿಕೋತ್ಸವವೆಂದರೆ ಹಳೆಯ ವಿಮಾನಗಳನ್ನು ಮತ್ತೆ ಹಾರಿಸಿ ತೋರಿಸುವ ಪದ್ಧತಿ ಹಲವು ದೇಶಗಳಲ್ಲಿದೆ. ಬ್ರಿಟನ್ನಿನ ಓಲ್ಡ್ ವಾರ್ಡನ್‌ನಲ್ಲಿ ನೂರು ವರ್ಷ ಮೀರಿದ ವಿಮಾನಗಳೂ ಹಾರುತ್ತವೆ. ನಮ್ಮ ವಾಯುಪಡೆಯಲ್ಲಿಯೂ ಹಳೆಯ ವಿಮಾನಗಳ ಒಂದು ತಂಡವಿದೆ. ಟೈಗರ್ ಮಾತ್, ಹಾರ್ವರ್ಡ್ ವಿಮಾನಗಳೊಡನೆ 2018ರಲ್ಲಿ ‘ಪರಶುರಾಮ’ ಎಂಬ ಹೆಸರಿನ ಡಕೋಟಾ ಅದನ್ನು ಸೇರಿತು. 1947ರ ಅಕ್ಟೋಬರ್ 27ರಂದು ಶ್ರೀನಗರಕ್ಕೆ ನಮ್ಮ ಸೈನಿಕರನ್ನು ಹೊತ್ತೊಯ್ದದ್ದು ಇಂಥ ಡಕೋಟಾಗಳೇ. ಇಂಗ್ಲೆಂಡಿನಲ್ಲಿ ದುರಸ್ತಿಗೊಳಿಸಿದ ಆ ಡಕೋಟಾವನ್ನು ವಾಯುಪಡೆಗೆ ಕೊಡುಗೆಯಾಗಿ ನೀಡಿದವರು, ಅಂದು ಕರ್ನಾಟಕದ ರಾಜ್ಯಸಭಾ ಸದಸ್ಯರಾಗಿದ್ದ ರಾಜೀವ್ ಚಂದ್ರಶೇಖರ್ ಅವರು.

ಹಾರುವ ಹಳೆಯ ವಿಮಾನವನ್ನು ಕಾಣುವುದು ರೋಮಾಂಚಕವೇ ಸರಿ. ಆದರೆ ಅದರ ಬೆಲೆಯೂ ದೊಡ್ಡದು. 2015ರಲ್ಲಿ ಬ್ರಿಟನ್ನಿನ ಶೋರ್‌ಹ್ಯಾಮ್‌ನಲ್ಲಿ ಪ್ರದರ್ಶನದ ಹಂಟರ್ ಜೆಟ್ ಹೆದ್ದಾರಿಯ ಮೇಲೆ ಬಿದ್ದು 11 ಮಂದಿ ಸತ್ತರು. 2022ರ ನವೆಂಬರಿನಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ಮಹಾಯುದ್ಧ ಕಾಲದ ಎರಡು ವಿಮಾನಗಳು ಆಕಾಶದಲ್ಲಿ ಡಿಕ್ಕಿ ಹೊಡೆದು 6 ಮಂದಿ ಮಡಿದರು. ಬೆಂಗಳೂರಿನ ಅಂಗಳದ ವಿಮಾನಗಳು ನೆಲದಲ್ಲಿಯೇ ನಿಂತಿರುವುದರಿಂದ ಅವುಗಳ ಗೌರವಕ್ಕೆ ಕುಂದಿಲ್ಲ. “ಇದು ಈಗ ಹಾರೋದಿಲ್ವಾ?” ಎಂದು ಕೇಳಿದ ಮಗಳಿಗೆ ದೊಡ್ಡಪ್ಪನವರು, “ನಾನೂ ಈಗ ಓಡೂದಿಲ್ಲ ನೋಡು” ಎಂದು ನಕ್ಕರು.

ಹಾಗೆಂದು ನಿಂತ ವಿಮಾನ ತನ್ನಷ್ಟಕ್ಕೆ ತಾನೇ ಉಳಿಯುತ್ತದೆಂದು ಭಾವಿಸಬಾರದು. ಮಳೆಯ ನೀರು ಹಾಳೆಗಳ ಸಂದಿಯಲ್ಲಿ ನಿಂತರೆ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ತಿಂದುಹೋಗುತ್ತದೆ. ಬಿಸಿಲಿಗೆ ಚಾಲಕನ ಮೇಲಿನ ಪಾರದರ್ಶಕ ಗುಮ್ಮಟ ಮಬ್ಬಾಗಿ ಬಿರಿಯುತ್ತದೆ, ಟಯರು ಸೀಳುತ್ತದೆ. ಎಂಜಿನ್ನಿನ ಬಾಯಿಯನ್ನು ಮುಚ್ಚದಿದ್ದರೆ ಗುಬ್ಬಿಗಳೂ ಜೇನೂ ಸಂಸಾರ ಹೂಡುತ್ತವೆ. ಹಾರುವ ವಿಮಾನಕ್ಕೆ ಹೇಗೋ ಹಾಗೆಯೇ ನಿಂತ ವಿಮಾನಕ್ಕೂ ದಿನನಿತ್ಯದ ಆರೈಕೆ ಬೇಕು.

ಹಬ್ಬಕ್ಕೆ ನಮ್ಮ ಕಾಣಿಕೆ

ಲೋಹವನ್ನು ಹೀಗೆ ಬಣ್ಣ ಬಳಿದು ಕಾಪಾಡಬಹುದು. ಅದನ್ನು ಮಾಡಿದವರ ನೆನಪನ್ನು ಹೇಗೆ ಕಾಪಾಡುವುದು? ಕೊಡಗಿನ ಅಜ್ಜಮಾಡ ದೇವಯ್ಯನವರ ಕಥೆ ಇಲ್ಲಿ ನೆನಪಾಗುತ್ತದೆ. 1965ರ ಸೆಪ್ಟೆಂಬರ್ 7ರಂದು ಸರ್ಗೋಧಾ ದಾಳಿಗೆ ಹೋಗಿ ಮರಳದ ಈ ಸ್ಕ್ವಾಡ್ರನ್ ಲೀಡರ್, ತಮ್ಮ ಹಳೆಯ ಮಿಸ್ಟೇರ್ ವಿಮಾನದಿಂದಲೇ ಎದುರಾಳಿಯ ಅತಿವೇಗದ ಸ್ಟಾರ್‌ಫೈಟರ್ ವಿಮಾನವನ್ನು ಕೆಡವಿದ್ದರು. ಆದರೆ ಆ ಸಂಗತಿ ನಮ್ಮವರಿಗೆ ತಿಳಿದದ್ದು, ವಿದೇಶೀ ಲೇಖಕರೊಬ್ಬರು ಪಾಕಿಸ್ತಾನದ ಕಡೆಯ ವೃತ್ತಾಂತವನ್ನು ಬರೆದು ಪ್ರಕಟಿಸಿದ ಮೇಲೆಯೇ. ದೇವಯ್ಯನವರಿಗೆ ಮರಣೋತ್ತರ ಮಹಾವೀರ ಚಕ್ರ ಸಂದದ್ದು 1988ರಲ್ಲಿ, 23 ವರ್ಷಗಳ ಬಳಿಕ. ಎಲ್ಲಿಯೋ ಯಾರೋ ಬರೆದಿಟ್ಟದ್ದರಿಂದ ಒಬ್ಬ ವೀರ ಮರೆವಿನಿಂದ ಪಾರಾದರು.

ವೀರರ ವಿಷಯದಲ್ಲಿಯೇ ಹೀಗಾದರೆ, ರಿವೆಟ್ಟು ಹೊಡೆದವರ, ಎಂಜಿನ್ ತೊಳೆದವರ, ನಕ್ಷೆ ಬರೆದವರ ಗತಿಯೇನು? 1951ರಲ್ಲಿ ಎಚ್.ಟಿ.-2 ಕಟ್ಟಿದ ತಲೆಮಾರು ಬಹುತೇಕ ಕಣ್ಮರೆಯಾಗಿದೆ. ಮಾರುತ್ ಕಟ್ಟಿದವರು ಇಂದು ಎಂಬತ್ತರ ಆಚೀಚೆ ಇದ್ದಾರೆ. ಕರ್ನಾಟಕದ ಮೂಲೆಮೂಲೆಗಳಿಂದ ಬೆಂಗಳೂರಿಗೆ ಬಂದು ಇಂಥ ಕಾರ್ಖಾನೆಗಳಲ್ಲಿ ದುಡಿದ ಹಿರಿಯರು ನಮ್ಮ ಓದುಗರ ಮನೆಗಳಲ್ಲಿಯೂ ಇರಬಹುದು. ಅವರ ಟ್ರಂಕಿನಲ್ಲಿ ಹಳೆಯ ಗುರುತಿನ ಬಿಲ್ಲೆ, ಸಹೋದ್ಯೋಗಿಗಳೊಡನೆ ತೆಗೆಸಿಕೊಂಡ ಛಾಯಾಚಿತ್ರ, ಸವೆದ ಅಳತೆಗೋಲು, ಬೀಳ್ಕೊಡುಗೆಯ ಪತ್ರ ಇರಬಹುದು. ಅವು ಗುಜರಿಗೆ ಹೋಗದಿರಲಿ.

ಅದಕ್ಕಾಗಿ ದೊಡ್ಡ ಸಾಹಸವೇನೂ ಬೇಡ. ಛಾಯಾಚಿತ್ರದ ಹಿಂಬದಿಯಲ್ಲಿ, ಅದರಲ್ಲಿರುವವರ ಹೆಸರು, ಸ್ಥಳ, ಇಸವಿಯನ್ನು ಪೆನ್ಸಿಲಿನಿಂದ ಬರೆದಿಡಿ. ಹಿರಿಯರನ್ನು ಒಂದು ಮಧ್ಯಾಹ್ನ ಕೂರಿಸಿಕೊಂಡು ಅವರು ಮಾಡಿದ ಕೆಲಸವನ್ನು ಮೊದಲಿನಿಂದ ಕೊನೆಯವರೆಗೆ ಹೇಳಿಸಿ, ಮಕ್ಕಳ ಕೈಯಿಂದ ಬರೆಸಿ. ಮೊಬೈಲಿನಲ್ಲಿ ಅವರ ದನಿಯನ್ನು ದಾಖಲಿಸಿಕೊಳ್ಳಿ. ಸಾಧ್ಯವಾದರೆ ಅವರನ್ನು ಸಂಗ್ರಹಾಲಯಕ್ಕೆ ಕರೆದೊಯ್ಯಿರಿ. ಹೊರಡುವ ಮುನ್ನ ತೆರೆದಿರುವ ವೇಳೆಯನ್ನು ವಿಚಾರಿಸಿಕೊಳ್ಳಿ. ಬಿಸಿಲೇರುವ ಮೊದಲೇ ಹೋದರೆ ಹಿರಿಯರಿಗೆ ಅನುಕೂಲ. ಅವಸರ ಮಾಡಬೇಡಿ. ಅವರು ಯಾವ ವಿಮಾನದ ಮುಂದೆ ಹೆಚ್ಚು ಹೊತ್ತು ನಿಲ್ಲುತ್ತಾರೋ ಅಲ್ಲಿಯೇ ಪ್ರಶ್ನೆ ಕೇಳಿ.

ಬೆಳ್ಳಿಹಬ್ಬವೆಂದರೆ ತೋರಣ, ಭಾಷಣ, ದೀಪಾಲಂಕಾರಗಳು ಇರುವವೇ. ಅವುಗಳ ಜೊತೆಗೆ, ಈ ವಿಮಾನಗಳನ್ನು ಕಟ್ಟಿದ ಕೈಗಳ ಹೆಸರುಗಳನ್ನೂ ಮಾತುಗಳನ್ನೂ ಕೂಡಿಸಿಡುವ ಕೆಲಸ ಮೊದಲಾದರೆ ಹಬ್ಬ ಸಾರ್ಥಕವಾದೀತು. ಅದು ಸಂಸ್ಥೆಯವರೊಬ್ಬರ ಹೊಣೆಯಲ್ಲ, ಮನೆಮನೆಯ ಹೊಣೆ.

ನಮ್ಮ ಮನೆಯಲ್ಲಿ ಆ ಕೆಲಸ ಆರಂಭವಾಗಿದೆ. ಅಂದು ಮನೆಗೆ ಮರಳಿದ ಮೇಲೆ ನಮ್ಮ ಮಗಳು ಹೊಸ ನೋಟುಬುಕ್ಕಿನ ಮೊದಲ ಹಾಳೆಯಲ್ಲಿ ಅಜ್ಜನ ಹೆಸರು ಬರೆದು, ಅದರ ಕೆಳಗೆ ತನ್ನ ಮೊದಲ ಪ್ರಶ್ನೆಯನ್ನು ಬರೆದಿದ್ದಾಳೆ: “ಒಳಗೆ ಡಾಲಿ ಹಿಡಿಯುತ್ತಿದ್ದವರ ಹೆಸರೇನು?” ದೊಡ್ಡಪ್ಪನವರು ಮೂರು ಹೆಸರುಗಳನ್ನು ಹೇಳಿದ್ದಾರೆ. ನಾಲ್ಕನೆಯದು ನೆನಪಾಗುತ್ತಿಲ್ಲವೆಂದು ಎರಡು ದಿನಗಳಿಂದ ಯೋಚಿಸುತ್ತಿದ್ದಾರೆ.